ಮನೆಯ ಇಲಿ: ಮೊದಲು ತೂತು, ಆಮೇಲೆ ಬೋನು, ಪಾಷಾಣ ಕಟ್ಟಕಡೆಗೆ

ಮನೆಯಲ್ಲಿ ಇಲಿ ಕಂಡ ಮಾರನೇ ದಿನವೇ ಬಹಳ ಮಂದಿ ಅಂಗಡಿಗೆ ಹೋಗಿ ಇಲಿ ಪಾಷಾಣ ತರುತ್ತಾರೆ. ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ಪಾಷಾಣ ತಿಂದ ಇಲಿ ಅಟ್ಟದ ಹಲಗೆ ಸಂದಿಯಲ್ಲೋ ಫ್ರಿಜ್ಜಿನ ಹಿಂದೆಯೋ ಸತ್ತು ಹತ್ತು ಹದಿನೈದು ದಿನ ನಾರುತ್ತದೆ. ಅದು ಬಂದ ತೂತು ಹಾಗೇ ತೆರೆದಿರುತ್ತದೆ, ಅದೇ ದಾರಿಯಲ್ಲಿ ಇನ್ನೊಂದು ಬರುತ್ತದೆ. ಲೆಕ್ಕವೂ ಇಲಿಯ ಕಡೆಗೇ ಇದೆ: ಬಸಿರು ಮೂರು ವಾರ, ಒಂದು ಸೂಲಿಗೆ ಆರೇಳು ಮರಿ, ಆ ಮರಿಗಳು ಮೂರು ತಿಂಗಳಾಗುವ ಹೊತ್ತಿಗೆ ತಾವೂ ಮರಿ ಹಾಕುವಷ್ಟು ಬೆಳೆದಿರುತ್ತವೆ. ದಾರಿ ಮುಚ್ಚದೆ ಎಷ್ಟು ಕೊಂದರೂ ಆ ಲೆಕ್ಕ ಮುಗಿಯುವುದಿಲ್ಲ.

ಹಾಗಾಗಿ ಕ್ರಮ ಹೀಗಿರಲಿ: ಯಾವ ಇಲಿ ಎಂದು ಗುರುತಿಸಿ, ದಾರಿ ಹುಡುಕಿ, ತೂತು ಮುಚ್ಚಿ, ಅನ್ನ ನೀರು ಸಿಗದಂತೆ ಮಾಡಿ, ಒಳಗೆ ಉಳಿದವನ್ನು ಬೋನಿನಲ್ಲಿ ಹಿಡಿಯಿರಿ. ಸಾಮಾನ್ಯ ಮನೆಗೆ ಎರಡು ಮೂರು ವಾರ ಸಾಕು.

ಬಂದಿರುವುದು ಯಾವುದು?

ಹಿಕ್ಕೆ ನೋಡಿದರೆ ಗೊತ್ತಾಗುತ್ತದೆ. ಅಕ್ಕಿ ಕಾಳಿಗಿಂತ ಚಿಕ್ಕದು, 3ರಿಂದ 6 ಮಿ.ಮೀ., ತುದಿ ಚೂಪು, ಡಬ್ಬಗಳ ಹಿಂದೆ ಎಲ್ಲೆಂದರಲ್ಲಿ ಚೆಲ್ಲಿದಂತಿದ್ದರೆ ಅದು ಚಿಟ್ಟಿಲಿ. ಹೆಚ್ಚುಕಡಿಮೆ ಅರ್ಧ ಇಂಚು ಉದ್ದ, ಎರಡೂ ತುದಿ ಚೂಪಾಗಿದ್ದು ಅಟ್ಟದಲ್ಲಿ, ಕಪಾಟಿನ ಮೇಲೆ ಸಿಕ್ಕರೆ ಮನೆ ಇಲಿ. ಮೈಗಿಂತ ಉದ್ದನೆಯ ಬಾಲದ ಈ ಇಲಿ ತಂತಿ, ಪೈಪು, ಮರದ ಕೊಂಬೆ ಹಿಡಿದು ಸಲೀಸಾಗಿ ಹತ್ತುತ್ತದೆ. ಮುಕ್ಕಾಲು ಇಂಚು ಉದ್ದದ ದಪ್ಪ ಹಿಕ್ಕೆ, ಅಂಗಳದಲ್ಲಿ ಬಿಲ, ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಕಂಡರೆ ಅದು ಹೆಗ್ಗಣ.

ಇನ್ನೊಂದಿದೆ: ಉದ್ದ ಮೂತಿ, ಸಣ್ಣ ಕಣ್ಣು, ಕಟು ವಾಸನೆ, ಗೋಡೆಯಂಚಿನಲ್ಲಿ ಚಿಕ್ ಚಿಕ್ ಎನ್ನುತ್ತ ಓಡುವ ಮೂಗಿಲಿ. ಹೆಸರಲ್ಲಿ ಇಲಿ ಇದ್ದರೂ ಅದು ಇಲಿಯ ಜಾತಿಯಲ್ಲ. ಜಿರಳೆ, ಹುಳ ಹುಪ್ಪಟೆ ತಿಂದು ಬದುಕುತ್ತದೆ, ಬಟ್ಟೆ ಕಡಿಯುವುದಿಲ್ಲ. ಬಾಗಿಲು ತೆರೆದು ಹೊರಗೆ ಕಳಿಸಿದರೆ ಸಾಕು.

ಈ ಗುರುತು ಏಕೆ ಬೇಕೆಂದರೆ ಇವುಗಳ ಸ್ವಭಾವ ಬೇರೆ ಬೇರೆ. ಚಿಟ್ಟಿಲಿಗೆ ಕುತೂಹಲ ಹೆಚ್ಚು, ಹೊಸ ಬೋನನ್ನು ಮೊದಲ ರಾತ್ರಿಯೇ ಮೂಸಿ ನೋಡುತ್ತದೆ. ಮನೆ ಇಲಿಗೂ ಹೆಗ್ಗಣಕ್ಕೂ ಹೊಸ ವಸ್ತು ಕಂಡರೆ ಗುಮಾನಿ, ನಾಲ್ಕೈದು ದಿನ ಹತ್ತಿರ ಸುಳಿಯುವುದಿಲ್ಲ. ‘ಬೋನಿಟ್ಟೆವು, ಬೀಳಲೇ ಇಲ್ಲ’ ಎಂದು ಎರಡೇ ದಿನಕ್ಕೆ ಬೋನು ಎತ್ತಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು.

ದಾರಿ ಹುಡುಕುವುದು

ಇಲಿ ಬಯಲಲ್ಲಿ ಓಡುವುದಿಲ್ಲ, ಮೀಸೆ ಗೋಡೆಗೆ ತಾಗುವಂತೆ ಅಂಚು ಹಿಡಿದೇ ಓಡುತ್ತದೆ. ದಿನವೂ ಅದೇ ದಾರಿ. ಮೈಯ ಜಿಡ್ಡು ಕೊಳೆ ತಾಗಿ ಗೋಡೆಯ ಬುಡದಲ್ಲಿ, ತೊಲೆಯ ಮೇಲೆ, ಪೈಪಿನ ಸುತ್ತ ಕಪ್ಪು ಗೆರೆ ಬೀಳುತ್ತದೆ. ಬೆರಳಿಂದ ಉಜ್ಜಿದರೆ ಅದು ಹರಡಿಕೊಂಡರೆ ಹೊಸದು, ಒಣಗಿ ಉದುರಿದರೆ ಹಳೆಯದು.

ಸಂಶಯವಿರುವ ಜಾಗದಲ್ಲಿ ರಾತ್ರಿ ಮಲಗುವ ಮುಂಚೆ ಮುಖಕ್ಕೆ ಹಚ್ಚುವ ಪೌಡರನ್ನು ಅಂಗೈ ಅಗಲಕ್ಕೆ, ನೆಲ ಮುಚ್ಚುವಷ್ಟೇ ತೆಳುವಾಗಿ ಉದುರಿಸಿ. ಬೆಳಿಗ್ಗೆ ಮೊಬೈಲಿನ ಟಾರ್ಚನ್ನು ನೆಲಕ್ಕೆ ಅಡ್ಡಡ್ಡ ಹಿಡಿದು ನೋಡಿದರೆ ನಾಲ್ಕು ಬೆರಳಿನ ಮುಂಗಾಲು, ಐದು ಬೆರಳಿನ ಹಿಂಗಾಲು, ನಡುವೆ ಬಾಲ ಎಳೆದ ಗೀರು ಸ್ಪಷ್ಟವಾಗಿ ಕಾಣುತ್ತದೆ. ಹೆಜ್ಜೆ ಯಾವ ಕಡೆಯಿಂದ ಬಂದಿದೆಯೋ ತೂತು ಆ ಕಡೆ. ಹಿಟ್ಟು ಉದುರಿಸಬೇಡಿ, ಅದನ್ನೇ ತಿನ್ನುತ್ತದೆ. ಒಂದು ತೂತು ಬಳಕೆಯಲ್ಲಿದೆಯೇ ಎಂದು ತಿಳಿಯಲು ಹಳೆ ಪೇಪರನ್ನು ಉಂಡೆ ಮಾಡಿ ಅದಕ್ಕೆ ತುರುಕಿ. ಎರಡು ರಾತ್ರಿಯೊಳಗೆ ಉಂಡೆ ಹೊರಗೆ ಬಿದ್ದಿದ್ದರೆ ದಾರಿ ಅದೇ.

ಎಷ್ಟು ದೊಡ್ಡ ತೂತು ಸಾಕು? ಚಿಟ್ಟಿಲಿಗೆ 6 ಮಿ.ಮೀ., ಅಂದರೆ ಪೆನ್ಸಿಲ್ ಹೋಗುವಷ್ಟು ಸಂದಿ. ಬೆಳೆಯುತ್ತಿರುವ ಮನೆ ಇಲಿಗೆ ಅರ್ಧ ಇಂಚು. ತಲೆ ತೂರಿದರೆ ಮೈಯೂ ತೂರುತ್ತದೆ. ಪೆನ್ಸಿಲ್ ಒಂದನ್ನು ಕೈಯಲ್ಲಿ ಹಿಡಿದು ಮನೆ ಸುತ್ತಿ. ಅದು ಹೋಗುವಲ್ಲೆಲ್ಲ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ.

ಮರೆತುಹೋಗುವ ಜಾಗಗಳು ಇವು: ಅಡುಗೆ ಕಟ್ಟೆಯ ಕೆಳಗೆ ಗ್ಯಾಸ್ ಪೈಪು ಹಾಯಿಸಲು ಕೊರೆದ ತೂತು, ಸಿಂಕಿನ ಪೈಪು ಗೋಡೆಗೆ ಸೇರುವಲ್ಲಿ ಸುತ್ತ ಬಿಟ್ಟ ಸಂದಿ, ವಾಷಿಂಗ್ ಮಷೀನಿನ ನೀರು ಹೋಗುವ ಕೊಳವೆ, ಬಚ್ಚಲ ತೂಬು, ಎಸಿ ಪೈಪಿನ ತೂತು, ನಿಂತುಹೋದ ಎಕ್ಸಾಸ್ಟ್ ಫ್ಯಾನು, ಮುಂಬಾಗಿಲ ಕೆಳಗಿನ ಸಂದಿ, ತಾರಸಿಗೆ ಹೋಗುವ ಬಾಗಿಲು. ಹೆಂಚಿನ ಮನೆಯಲ್ಲಾದರೆ ಗೋಡೆಯ ತಲೆಗೂ ಸೂರಿನ ಹೆಂಚಿಗೂ ನಡುವೆ ಉಳಿದ ಜಾಗ. ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಮಹಡಿಯ ಪೈಪು ಇಳಿಯುವ ಡಕ್ಟೇ ಇಲಿಗಳ ಹೆದ್ದಾರಿ. ನಿಮ್ಮ ಒಂದು ಮನೆಯ ತೂತು ಮುಚ್ಚಿದರೆ ನಿಮಗೆ ನೆಮ್ಮದಿ ಸಿಗಬಹುದು, ಡಕ್ಟಿನ ಬುಡ ಮತ್ತು ತಲೆಗೆ ಜಾಲರಿ ಹಾಕಿಸುವುದು ಮಾತ್ರ ಅಸೋಸಿಯೇಷನ್ನಿನ ಕೆಲಸ. ಅದನ್ನು ಮೀಟಿಂಗಿನಲ್ಲಿ ಕೇಳಿ ಮಾಡಿಸಿ.

ತೂತು ಮುಚ್ಚುವ ಬಗೆ

ಇಲಿಯ ಮುಂಬಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಕಡಿಯುವುದು ಅದರ ಚಟವಲ್ಲ, ಅಗತ್ಯ. ಬಟ್ಟೆ, ಥರ್ಮಾಕೋಲ್, ಮರದ ತುಂಡು, ಪ್ಲಾಸ್ಟಿಕ್ ಮುಚ್ಚಳ ಯಾವುದೂ ನಿಲ್ಲುವುದಿಲ್ಲ. ಡಬ್ಬದಿಂದ ಊದುವ ಫೋಮ್ ನೋಡಲು ಗಟ್ಟಿಯಾಗಿ ಕಾಣುತ್ತದೆ, ಅದನ್ನೂ ಕೊರೆಯುತ್ತದೆ. ಕಿಟಕಿಯ ನೈಲಾನ್ ಸೊಳ್ಳೆ ಪರದೆಗೆ ಒಂದೇ ರಾತ್ರಿ ಸಾಕು. ನಿಲ್ಲುವುದು ಲೋಹ, ಗಾಜು, ಸಿಮೆಂಟು.

ಪೈಪಿನ ಸುತ್ತಲಿನ ಸಣ್ಣ ಸಂದಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತನ್ನಿ, ಸುರುಳಿ ಸುರುಳಿಯಾಗಿರುವ ಸ್ಟೇನ್‌ಲೆಸ್ ಸ್ಟೀಲಿನದು. ತುಕ್ಕು ಹಿಡಿಯುವ ಕಬ್ಬಿಣದ ನಾರು ಬೇಡ, ನೀರಿರುವ ಜಾಗದಲ್ಲಿ ಕೆಲವೇ ತಿಂಗಳಲ್ಲಿ ಪುಡಿಯಾಗುತ್ತದೆ. ನಾರನ್ನು ಬಿಡಿಸಿ, ಸ್ಕ್ರೂಡ್ರೈವರಿನಿಂದ ಒಂದು ಇಂಚು ಆಳಕ್ಕೆ ಬಿಗಿಯಾಗಿ ತುರುಕಿ. ಮೇಲೆ ಎಂ-ಸೀಲ್ ಕಲಸಿ ಮೆತ್ತಿ. ನಾರಿಲ್ಲದೆ ಬರೀ ಎಂ-ಸೀಲ್ ಮೆತ್ತಿದರೆ ಅಂಚು ಸಿಕ್ಕಲ್ಲಿ ಕಡಿದು ಬಿಡಿಸುತ್ತದೆ. ಎಂ-ಸೀಲ್ ಇಲ್ಲದೆ ಬರೀ ನಾರು ತುರುಕಿದರೆ ಎಳೆದು ಹಾಕುತ್ತದೆ. ಎರಡೂ ಸೇರಿದರೇ ಕೆಲಸ.

ಗೋಡೆಯ ದೊಡ್ಡ ತೂತಿಗೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ. ಹಾಕುವ ಮೊದಲು ತೂತಿನ ಒಳಗನ್ನು ನೀರಿನಿಂದ ತೋಯಿಸಿ, ಒಣ ಗೋಡೆ ಗಾರೆಯ ನೀರು ಹೀರಿದರೆ ಅದು ಕಚ್ಚಿಕೊಳ್ಳುವುದಿಲ್ಲ. ಗಾರೆಯೊಳಗೆ ಒಡೆದ ಬಾಟಲಿಯ ಚೂರು ಸೇರಿಸುವ ಹಳೆಯ ರೂಢಿ ಒಳ್ಳೆಯದೇ. ಹಸಿ ಗಾರೆಯನ್ನು ಇಲಿ ಆ ರಾತ್ರಿಯೇ ಕೆದಕುತ್ತದೆ. ಆದ್ದರಿಂದ ಬೆಳಿಗ್ಗೆಯೇ ಮೆತ್ತಿ, ಸಂಜೆ ಮೇಲೊಂದು ಕಲ್ಲು ಒತ್ತಿಡಿ.

ಗಾಳಿ ಆಡಬೇಕಾದ ಜಾಗಕ್ಕೆ, ಅಂದರೆ ವೆಂಟಿಲೇಟರ್, ಎಕ್ಸಾಸ್ಟ್, ಸೂರಿನ ಸಂದಿಗೆ, ಕಾಲಿಂಚು ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣದ) ವೆಲ್ಡ್ ಮೆಶ್ ಹಾಕಿ. ಅಂಗಡಿಯವರು ಅಗ್ಗಕ್ಕೆ ಆರು ಮೂಲೆಯ ಕೋಳಿ ಬಲೆ ಕೊಡುತ್ತಾರೆ. ಅದರ ಕಣ್ಣಿನಲ್ಲಿ ಚಿಟ್ಟಿಲಿ ಸಲೀಸಾಗಿ ತೂರುತ್ತದೆ, ತಂತಿಯೂ ಮೆದು. ಮೆಶ್ಶನ್ನು ತೂತಿಗಿಂತ ಎಲ್ಲ ಕಡೆ ಎರಡು ಇಂಚು ಹೆಚ್ಚಿಗೆ ಕತ್ತರಿಸಿ, ಆರಿಂಚಿಗೊಂದು ಸ್ಕ್ರೂ ಮತ್ತು ವಾಷರ್ ಹಾಕಿ ಬಿಗಿಯಿರಿ. ಮೊಳೆ ಬಡಿದು ಬಗ್ಗಿಸಿದರೆ ಒಂದು ಮಳೆಗಾಲಕ್ಕೆ ಸಡಿಲವಾಗುತ್ತದೆ.

ಬಾಗಿಲ ಬುಡಕ್ಕೆ ಅಲ್ಯೂಮಿನಿಯಂ ಪಟ್ಟಿ. ಬರೀ ರಬ್ಬರಿನ ಪಟ್ಟಿಯನ್ನು ಮೂಲೆಯಿಂದ ಕಡಿದು ಬಿಡುತ್ತದೆ. ಪಟ್ಟಿ ಹಾಕಿದ ಮೇಲೆ ನೆಲಕ್ಕೂ ಅದಕ್ಕೂ 6 ಮಿ.ಮೀ.ಗಿಂತ ಕಡಿಮೆ ಸಂದಿ ಇರಬೇಕು. ಮತ್ತದೇ ಪೆನ್ಸಿಲ್ ಪರೀಕ್ಷೆ. ಬಚ್ಚಲ ತೂಬಿಗೆ ಸ್ಕ್ರೂ ಬಿಗಿಯುವ ಸ್ಟೀಲ್ ಜಾಲರಿ ಸಿಗುತ್ತದೆ. ಬರೀ ಮೇಲಿಡುವ ಪ್ಲಾಸ್ಟಿಕ್ ಜಾಲರಿಯನ್ನು ಹೆಗ್ಗಣ ತಲೆಯಿಂದಲೇ ಎತ್ತುತ್ತದೆ. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಸುರಿಯಿರಿ, ಒಳಗಿನ ನೀರು ಒಣಗಿದರೆ ಚರಂಡಿಯಿಂದ ನೇರ ದಾರಿ.

ಹೊರಗೆ, ಸೂರಿಗೆ ತಾಗುವ ಕೊಂಬೆಯನ್ನು ಕನಿಷ್ಠ ಮೂರಡಿ ದೂರಕ್ಕೆ ಕತ್ತರಿಸಿ. ಮನೆಗೆ ವಾಲಿದ ತೆಂಗಿನ ಮರಕ್ಕೆ ನೆಲದಿಂದ ಆರಡಿ ಎತ್ತರದಲ್ಲಿ ಒಂದಡಿ ಅಗಲದ ನುಣುಪಾದ ಜಿಐ ತಗಡನ್ನು ಸುತ್ತಿ. ಉಗುರು ಹಿಡಿಯದೆ ಇಲಿ ಜಾರುತ್ತದೆ. ಎಳನೀರು ಕೊರೆಯುವುದೂ ನಿಲ್ಲುತ್ತದೆ. ಪಕ್ಕದ ಮರದ ಗರಿ ಈ ಮರದ ಗರಿಗೆ ತಾಗಿದ್ದರೆ ತಗಡಿನಿಂದ ಪ್ರಯೋಜನವಿಲ್ಲ.

ಒಂದು ಮಾತು: ಇಲಿ ಒಳಗಿರುವಾಗಲೇ ಎಲ್ಲ ತೂತು ಒಟ್ಟಿಗೆ ಮುಚ್ಚಬೇಡಿ. ಸಿಕ್ಕಿಬಿದ್ದ ಇಲಿ ಬಾಗಿಲ ಚೌಕಟ್ಟು, ವೈರು ಕಡಿದು ಹೊಸ ದಾರಿ ಮಾಡುತ್ತದೆ. ಹೆಚ್ಚು ಓಡಾಟವಿರುವ ಒಂದು ದಾರಿ ಬಿಟ್ಟು ಉಳಿದವನ್ನು ಮುಚ್ಚಿ, ಆ ದಾರಿಯಲ್ಲಿ ಬೋನು ಇಡಿ. ಮೂರು ರಾತ್ರಿ ಪೌಡರಿನ ಮೇಲೆ ಹೆಜ್ಜೆ ಬೀಳದಿದ್ದರೆ ಅದನ್ನೂ ಮುಚ್ಚಿ.

ಅನ್ನ, ನೀರು

ದೊಡ್ಡ ಇಲಿಗೆ ದಿನಕ್ಕೆ 20–30 ಗ್ರಾಂ ಆಹಾರ ಸಾಕು, ಚಿಟ್ಟಿಲಿಗೆ 3 ಗ್ರಾಂ. ಒಲೆ ಕೆಳಗೆ ಬಿದ್ದ ಅನ್ನದ ಅಗುಳೇ ಚಿಟ್ಟಿಲಿಗೆ ಮೃಷ್ಟಾನ್ನ. ಅಕ್ಕಿ, ರಾಗಿ ತಗಡಿನ ಡ್ರಮ್ಮಿನಲ್ಲಿರಲಿ, ಗೋಣಿಚೀಲದಲ್ಲಿ ಬೇಡ. ತೆಂಗಿನಕಾಯಿ, ಕೊಬ್ಬರಿ, ಈರುಳ್ಳಿ ಬುಟ್ಟಿಯನ್ನು ನೆಲದಿಂದ ಎತ್ತಿ. ನಾಯಿಯ ತಟ್ಟೆ, ಹಸಿ ಕಸದ ಬಕೆಟ್ ರಾತ್ರಿ ತೆರೆದಿರಬಾರದು. ಸಿಂಕಿನಲ್ಲಿ ಎಂಜಲು ಪಾತ್ರೆ ನೆನೆಸಿಟ್ಟರೆ ಊಟವೂ ನೀರೂ ಒಂದೇ ಕಡೆ ಸಿಕ್ಕಂತೆ. ದೊಡ್ಡ ಇಲಿಗೆ ದಿನವೂ ನೀರು ಬೇಕು, ಆದ್ದರಿಂದ ಸೋರುವ ನಲ್ಲಿ ರಿಪೇರಿ ಮಾಡಿಸಿ. ಇಲಿ ಸೋಪನ್ನೂ ಒಯ್ಯುತ್ತದೆ.

ದೇವರ ಮನೆಯ ಮೇಲೆ ವಿಶೇಷ ಗಮನವಿರಲಿ. ತುಪ್ಪ, ಎಣ್ಣೆಯಲ್ಲಿ ನೆನೆದ ಬತ್ತಿ ಇಲಿಗೆ ಬಲು ಇಷ್ಟ. ಉರಿಯುವ ಬತ್ತಿಯನ್ನೇ ಎಳೆದುಕೊಂಡು ಹೋದರೆ ಪರದೆಗೋ ಪೇಪರಿಗೋ ಬೆಂಕಿ ತಾಗುತ್ತದೆ. ಇಲಿ ಕಾಟ ತೀರುವ ತನಕ ರಾತ್ರಿ ಮಲಗುವ ಮುಂಚೆ ದೀಪ ಶಾಂತ ಮಾಡಿ, ಬತ್ತಿ ತೆಗೆದು ಮುಚ್ಚಿಡಿ.

ಬೋನು, ಕತ್ತರಿ

ಕತ್ತರಿ ಅಂದರೆ ಸ್ಪ್ರಿಂಗ್ ಬಡಿಯುವ ಪಟ್ಟಿ. ಸರಿಯಾಗಿ ಬಡಿದರೆ ಇಲಿ ಕ್ಷಣದಲ್ಲಿ ಸಾಯುತ್ತದೆ, ನರಳುವುದಿಲ್ಲ. ಚಿಟ್ಟಿಲಿಗೆ ಚಿಕ್ಕದು, ಇಲಿಗೆ ದೊಡ್ಡದು ಬೇಕು. ಚಿಕ್ಕ ಕತ್ತರಿಯಲ್ಲಿ ದೊಡ್ಡ ಇಲಿ ಕಾಲು ಸಿಕ್ಕಿಸಿಕೊಂಡು ಕತ್ತರಿ ಸಮೇತ ಓಡುತ್ತದೆ. ಪುಟ್ಟ ಮಕ್ಕಳು, ಸಾಕುಪ್ರಾಣಿ ಇರುವ ಮನೆಯಲ್ಲಿ ಬೋನೇ ಸರಿ.

ಒಂದು ಕತ್ತರಿ ಇಟ್ಟು ಕಾಯಬೇಡಿ. ಎರಡು ಕೋಣೆಯ ಮನೆಗೆ ನಾಲ್ಕರಿಂದ ಆರು ಬೇಕು. ಚಿಟ್ಟಿಲಿಯಾದರೆ ಎರಡು ಮೂರು ಮೀಟರಿಗೊಂದು, ಅದು ಗೂಡಿನಿಂದ ಹೆಚ್ಚು ದೂರ ಹೋಗುವುದಿಲ್ಲ. ಗೋಡೆಗೆ ಅಡ್ಡಲಾಗಿ, ತಿಂಡಿ ಇಡುವ ತುದಿ ಗೋಡೆಗೆ ತಾಗುವಂತೆ ಇಡಿ. ಆಗ ಎಡದಿಂದ ಬಂದರೂ ಬಲದಿಂದ ಬಂದರೂ ಮೂತಿ ತಿಂಡಿಗೇ ಬರುತ್ತದೆ. ಕೋಣೆಯ ನಡುವೆ ಇಟ್ಟದ್ದು ದಂಡ. ಕತ್ತರಿಯ ಬುಡವನ್ನು ತಂತಿಯಿಂದ ಯಾವುದಕ್ಕಾದರೂ ಕಟ್ಟಿ.

ತಿಂಡಿಗೆ ಒಣ ಕೊಬ್ಬರಿಯ ಚೂರನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ತೋರಿಸಿ. ಅಂಚು ಕಪ್ಪಾಗಿ ಎಣ್ಣೆ ಜಿನುಗಿ, ಸುಟ್ಟ ವಾಸನೆ ಮನೆ ತುಂಬುವಾಗ ತೆಗೆಯಿರಿ. ಇದಕ್ಕೆ ಸರಿಸಾಟಿಯಾದದ್ದು ಕಡಿಮೆ. ಈರುಳ್ಳಿ ಬಜ್ಜಿ, ಮಸಾಲೆ ವಡೆಯ ಚೂರು, ಕಡಲೆಬೀಜದ ಚಿಕ್ಕಿ, ಕರಾವಳಿಯಲ್ಲಿ ಒಣಮೀನು ಕೂಡ ಆಗುತ್ತದೆ. ಕಡಲೆಕಾಳಿನಷ್ಟು ಸಾಕು. ದೊಡ್ಡ ತುಂಡಾದರೆ ಇಲಿ ಅಂಚು ಕಚ್ಚಿ ಎಳೆದುಕೊಂಡು ಹೋಗುತ್ತದೆ, ಕತ್ತರಿ ಬಡಿಯುವುದಿಲ್ಲ. ತುಂಡನ್ನು ಕೊಕ್ಕೆಗೆ ದಾರದಿಂದ ಕಟ್ಟಿ, ಇಲಿ ಜಗ್ಗಲೇಬೇಕು.

ಮನೆ ಇಲಿಗೆ ಇನ್ನೊಂದು ಉಪಾಯ ತಪ್ಪದೇ ಮಾಡಿ. ಇಲಿ ತಿಂಡಿ ಮುಟ್ಟಲು ಶುರುಮಾಡಿದ ಮೇಲೂ ಮೂರು ರಾತ್ರಿ ಕತ್ತರಿಗೆ ತಿಂಡಿ ಇಡಿ, ಸ್ಪ್ರಿಂಗ್ ಏರಿಸಬೇಡಿ. ಇಲಿ ತಿಂದು ತಿಂದು ಅಭ್ಯಾಸವಾಗಲಿ. ನಾಲ್ಕನೇ ರಾತ್ರಿ ಎಲ್ಲವನ್ನೂ ಒಟ್ಟಿಗೆ ಏರಿಸಿ. ಒಂದೊಂದನ್ನೇ ಏರಿಸಿದರೆ ಉಳಿದವು ಎಚ್ಚೆತ್ತುಕೊಂಡು ಕೈಗೆ ಸಿಗುವುದಿಲ್ಲ.

ತಂತಿಯ ಅಥವಾ ಮರದ ಬೋನಿನಲ್ಲಿ ಹೆಚ್ಚಾಗಿ ಕೆಡುವುದು ಕೊಕ್ಕೆ. ತುಕ್ಕು ಹಿಡಿದು ಬಿಗಿಯಾದರೆ ಇಲಿ ತಿಂಡಿ ಮುಗಿಸಿ ಹೊರಗೆ ಹೋಗುತ್ತದೆ. ಇಡುವ ಮುಂಚೆ ಒಳಗಿನ ಕೊಕ್ಕೆಯನ್ನು ಪೊರಕೆ ಕಡ್ಡಿಯಿಂದ ಮುಟ್ಟಿ ನೋಡಿ. ಅಷ್ಟಕ್ಕೇ ಬಾಗಿಲು ಠಪ್ಪೆಂದು ಬೀಳಬೇಕು. ಬೀಳದಿದ್ದರೆ ಉಪ್ಪುಕಾಗದದಿಂದ ಉಜ್ಜಿ, ಕೊಕ್ಕೆಯ ತುದಿಯ ಬಾಗು ಕಡಿಮೆ ಮಾಡಿ. ಬೋನಿನ ಮೇಲೆ ಹಳೆ ಗೋಣಿ ಹೊದಿಸಿ, ಇಲಿಗೆ ಕತ್ತಲ ಗೂಡೇ ಇಷ್ಟ. ಬಳಸಿದ ಬೋನನ್ನು ಬಿಸಿನೀರು, ಸೋಪಿನ ಪುಡಿಯಿಂದ ತೊಳೆದು ಬಿಸಿಲಿಗೆ ಒಣಗಿಸಿ. ಫಿನೈಲ್ ಹಾಕಿದರೆ ಆ ಘಾಟು ಹೋಗುವುದೇ ಇಲ್ಲ.

ಬಿದ್ದ ಇಲಿಯನ್ನು ಬೋನು ಸಮೇತ ನೀರಲ್ಲಿ ಮುಳುಗಿಸುವುದು ಕ್ರೂರ, ದಯವಿಟ್ಟು ಬೇಡ. ಪಕ್ಕದ ಬೀದಿಯಲ್ಲಿ ಬಿಟ್ಟರೆ ವಾಪಸು ಬರುತ್ತದೆ, ಇಲ್ಲವೇ ಇನ್ನೊಬ್ಬರ ಮನೆ ಸೇರುತ್ತದೆ. ಮನೆಗಳಿಲ್ಲದ ಕಡೆ, ಒಂದೆರಡು ಕಿಲೋಮೀಟರಾದರೂ ದೂರ ಒಯ್ದು ಬಿಡಿ. ಅಂಟು ಹಲಗೆ ತರಲೇಬೇಡಿ. ಇಲಿ ಗಂಟೆಗಟ್ಟಲೆ ಕಿರುಚಿ ಚರ್ಮ ಹರಿದುಕೊಳ್ಳುತ್ತದೆ, ಹಲ್ಲಿ, ಗುಬ್ಬಿ ಕೂಡ ಸಿಕ್ಕಿಕೊಳ್ಳುತ್ತವೆ. ಈಗಾಗಲೇ ಯಾವುದಾದರೂ ಅಂಟಿದ್ದರೆ ಕೈಗವಸು ಹಾಕಿಕೊಂಡು ಅಡುಗೆ ಎಣ್ಣೆ ಸವರುತ್ತ ಬಿಡಿಸಿ.

ಹೆಗ್ಗಣ

ಇದರ ಬಿಲಕ್ಕೆ ಒಂದೇ ಬಾಯಿ ಇರುವುದಿಲ್ಲ. ಎಲ್ಲ ಬಾಯಿಗೂ ಸಂಜೆ ಮಣ್ಣು ತುಂಬಿ, ಬೆಳಿಗ್ಗೆ ಯಾವುದು ತೆರೆದಿದೆ ನೋಡಿ, ಅಲ್ಲೇ ದೊಡ್ಡ ಬೋನು ಇಡಿ. ಖಾಲಿಯಾದ ಬಿಲಕ್ಕೆ ಜಲ್ಲಿ ಮತ್ತು ಗಾಜಿನ ಚೂರು ಜಡಿದು ಮೇಲೆ 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್ ಹಾಕಿ. ಪಾಯದ ಬಳಿ, ಸಂಪಿನ ಬಳಿ ಬಿಲವಿದ್ದರೆ ತಡಮಾಡಬೇಡಿ, ಮಣ್ಣು ಟೊಳ್ಳಾಗಿ ನೆಲಹಾಸು ಕುಸಿಯುತ್ತದೆ. ಬಿಲಕ್ಕೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದರಿಂದ ಹೊರಡುವ ಅನಿಲ ಬಿಲದ ಮೂಲಕ ಮನೆಯೊಳಗೇ ಬಂದು ಮಲಗಿದವರನ್ನು ಕೊಲ್ಲಬಲ್ಲದು.

ಹಿತ್ತಿಲಲ್ಲಿ ಕೇರೆ ಹಾವು ಕಂಡರೆ ಹೊಡೆಯಬೇಡಿ. ಅದಕ್ಕೆ ವಿಷವಿಲ್ಲ, ಬಿಲಕ್ಕೇ ನುಗ್ಗಿ ಇಲಿ ಹಿಡಿಯುತ್ತದೆ. ಆದರೆ ಇಲಿಯ ಬೆನ್ನು ಹತ್ತಿ ನಾಗರಹಾವೂ ಬರುತ್ತದೆ. ಸೌದೆ ರಾಶಿ, ಹೆಂಚಿನ ರಾಶಿಯನ್ನು ಗೋಡೆಯಿಂದ ದೂರ ಇಡುವುದು ಇದಕ್ಕೇ.

ಪಾಷಾಣ ಹಾಕಲೇಬೇಕಾದರೆ

ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟ್ ಮನೆಗೆ ತರಬಾರದು. ಅದಕ್ಕೆ ಪ್ರತಿಮದ್ದಿಲ್ಲ, ಸ್ವಲ್ಪ ಹೊಟ್ಟೆಗೆ ಹೋದರೂ ಯಕೃತ್ತು ಹಾಳಾಗುತ್ತದೆ. ಮಕ್ಕಳು ಟೂತ್‌ಪೇಸ್ಟ್ ಎಂದುಕೊಳ್ಳುತ್ತಾರೆ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್‌ಗೂ ಪ್ರತಿಮದ್ದಿಲ್ಲ, ಅದು ಹೊಲಕ್ಕೆ ಸೇರಿದ್ದು, ಅಡುಗೆಮನೆಗಲ್ಲ.

ಮಿಕ್ಕಿರುವುದು 0.005% ಬ್ರೋಮಾಡಿಯೋಲೋನ್ ಬಿಲ್ಲೆ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಇಲಿ ನಾಲ್ಕೈದು ದಿನ ಬಿಟ್ಟು ಸಾಯುತ್ತದೆ. ಮನೆಯ ಹೊರಗೆ ಮಾತ್ರ ಇಡಿ: ಮೂರಿಂಚಿನ ಪಿವಿಸಿ ಪೈಪಿನ ಒಂದೂವರೆ ಅಡಿ ತುಂಡಿನ ನಡುವೆ ಬಿಲ್ಲೆಯನ್ನು ತಂತಿಯಿಂದ ಕಟ್ಟಿ, ಪೈಪನ್ನು ಗೋಡೆಯ ಬುಡಕ್ಕೆ ಕ್ಲಾಂಪ್ ಹಾಕಿ ಬಿಗಿಯಿರಿ. ಬಿಡಿಯಾಗಿ ಎಸೆದರೆ ಇಲಿ ಒಯ್ದು ಮನೆಯೊಳಗೆ ಬಚ್ಚಿಡುತ್ತದೆ. ‘ತಿಂದ ಇಲಿ ನೀರು ಹುಡುಕಿ ಹೊರಗೆ ಹೋಗಿ ಸಾಯುತ್ತದೆ’ ಎಂಬುದು ಸುಳ್ಳು, ಎಲ್ಲಿ ಬೇಕಾದರೂ ಸಾಯುತ್ತದೆ. ಸತ್ತದ್ದನ್ನು ಹುಡುಕಿ ಹೂಳಿ, ಬೆಕ್ಕು ಅಥವಾ ಗೂಬೆ ತಿಂದರೆ ಅವಕ್ಕೂ ವಿಷ.

ಮಗು ಯಾವುದೇ ಪಾಷಾಣ ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಪೊಟ್ಟಣ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ಬ್ರೋಮಾಡಿಯೋಲೋನ್‌ಗೆ ವಿಟಮಿನ್ ಕೆ1 ಪ್ರತಿಮದ್ದಿದೆ, ಆದರೆ ರಕ್ತಸ್ರಾವ ಶುರುವಾಗುವುದು ಎರಡು ಮೂರು ದಿನದ ಮೇಲೆ. ಮಗು ಆಡಿಕೊಂಡಿದೆ ಎಂದು ಸುಮ್ಮನಿರಬಾರದು.

ಕರ್ಪೂರ, ಪುದೀನ ಎಣ್ಣೆ, ನುಸಿಗುಳಿಗೆ ಒಂದೆರಡು ದಿನ ಇಲಿಯನ್ನು ಪಕ್ಕದ ಮೂಲೆಗೆ ಸರಿಸುತ್ತವೆ, ಅಷ್ಟೆ. ಸದ್ದು ಮಾಡುವ ಪ್ಲಗ್ ಯಂತ್ರಕ್ಕೆ ಇಲಿ ಬೇಗ ಒಗ್ಗಿಕೊಳ್ಳುತ್ತದೆ, ಆ ಸದ್ದು ಬೀರು ದಾಟಿ ಹೋಗುವುದೂ ಇಲ್ಲ. ಬೆಕ್ಕು ಚಿಟ್ಟಿಲಿ ಹಿಡಿಯುತ್ತದೆ, ದೊಡ್ಡ ಹೆಗ್ಗಣದ ತಂಟೆಗೆ ಹೋಗುವುದು ಅಪರೂಪ.

ಹಿಕ್ಕೆ ತೆಗೆಯುವಾಗ

ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಕಿಟಕಿ ತೆರೆದು, ಕೈಗವಸು, ಮಾಸ್ಕ್ ಹಾಕಿ. ಒಂದು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯನ್ನು ಹಿಕ್ಕೆಯ ಮೇಲೆ ಸುರಿದು ಹತ್ತು ನಿಮಿಷ ಬಿಟ್ಟು ಪೇಪರಿನಿಂದ ಒರೆಸಿ ಕಟ್ಟಿ ಎಸೆಯಿರಿ. ಬ್ಲೀಚಿಂಗ್ ಜೊತೆಗೆ ಬಚ್ಚಲು ತೊಳೆಯುವ ಆಸಿಡ್ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಸತ್ತ ಇಲಿಯನ್ನು ಎರಡು ಚೀಲದಲ್ಲಿ ಗಂಟು ಹಾಕಿ ಕಸದವರಿಗೆ ಕೊಡಿ, ಜಾಗವಿದ್ದರೆ ಚೀಲವಿಲ್ಲದೆ ಎರಡಡಿ ಆಳಕ್ಕೆ ಹೂಳಿ.

ಇಲಿ ಕಚ್ಚಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಿ, ಟಿಟಿ ಇಂಜೆಕ್ಷನ್ ಕೇಳಿ. ಇಲಿ ಜ್ವರ ಬರುವುದು ಉಚ್ಚೆ ಬೆರೆತ ನೀರಿನಿಂದ, ಕಾಲಿನ ಗಾಯದ ಮೂಲಕ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ಹೆಚ್ಚು. ಜ್ವರದ ಜೊತೆ ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು ಇದ್ದರೆ ‘ಮನೆಯಲ್ಲಿ ಇಲಿ ಇದೆ’ ಎಂದು ವೈದ್ಯರಿಗೆ ನೀವೇ ಹೇಳಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆ ಕಾಲದಲ್ಲಿ ‘ಇಲಿ ಬಿತ್ತು’, ಅಂದರೆ ಇಲಿ ಸತ್ತು ಬಿದ್ದಿದೆ, ಎಂದು ಕೇಳಿದರೆ ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕುತ್ತಿದ್ದರು. ಈಗಲೂ ಯಾರೂ ಪಾಷಾಣ ಇಡದೆ ಬೀದಿಯಲ್ಲಿ ಸಾಲು ಸಾಲು ಇಲಿ ಸತ್ತಿದ್ದು ಕಂಡರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸತ್ತ ಮೈ ಬಿಟ್ಟ, ಪ್ಲೇಗು ಹರಡುವ ಚಿಗಟ ಹತ್ತಿರದ ಮನುಷ್ಯರನ್ನೇ ಹತ್ತುತ್ತದೆ.

ಕೊನೆಯ ಬೋನು ಎತ್ತಿದ ಮೇಲೆ ಎರಡು ವಾರ ಪೌಡರ್ ಪರೀಕ್ಷೆ ಮುಂದುವರಿಸಿ. ಆಮೇಲೆ ವರ್ಷಕ್ಕೆರಡು ಸಲ, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಮತ್ತು ಸುಗ್ಗಿ ಮುಗಿದು ಹೊಲದ ಇಲಿ ಊರ ಕಡೆ ತಿರುಗುವಾಗ, ಪೆನ್ಸಿಲ್ ಹಿಡಿದು ಮನೆ ಸುತ್ತಿ. ಹೊಸ ಎಸಿ, ಹೊಸ ಇಂಟರ್ನೆಟ್ ತಂತಿ ಹಾಕಿಸಿದ ದಿನ ಕೆಲಸದವರು ಹೊರಡುವ ಮುಂಚೆಯೇ ಆ ತೂತಿಗೆ ನಾರು ತುರುಕಿಸಿ.